ಸೊಸೆಯ ರಾಜೀನಾಮೆ ಮತ್ತು ನನ್ನ ಇಂಗ್ಲಿಷ್

ಇಂಗ್ಲಿಷ್ ಬಲ್ಲ ಮುದುಕಿಯೊಬ್ಬಳು ಬೀದಿಯಲ್ಲಿದ್ದರೆ ಆ ಬೀದಿಗೆ ಎಷ್ಟು ಅನುಕೂಲ ಎಂಬುದನ್ನು ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಹೊನ್ನಾಳಿಯ ನಮ್ಮ ಬೀದಿಯಲ್ಲಿ ಮಾತ್ರೆಯ ಚೀಟಿ, ಬ್ಯಾಂಕಿನ ಮೆಸೇಜು, ಮಿಕ್ಸಿಯ ವಾರಂಟಿ ಕಾರ್ಡು ಎಲ್ಲವೂ ಮೊದಲು ನನ್ನ ಕನ್ನಡಕದ ಮುಂದೆ ಹಾಜರಾಗುತ್ತವೆ. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳಿನ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ ಗ್ರಾಮರ್ ಅದು. ಮಂಡಿ ಸವೆದಿದೆ, ಗ್ರಾಮರ್ ಸವೆದಿಲ್ಲ. ಆ ಗ್ರಾಮರ್ ನಂಬಿಕೊಂಡು ನಾನು ಮಾಡಿದ ಒಂದು ಘನಕಾರ್ಯವನ್ನು ಈಗ ಕನ್‌ಫೆಸ್ ಮಾಡಬೇಕಾಗಿದೆ.

ನನ್ನ ಸೊಸೆ ಶೋಭಾ ಜಗಳೂರು ಕಡೆಯವಳು, ಮಾತು ಕಡಿಮೆ. ನ್ಯಾಮತಿ ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಒಂದು ಸಾಲು ಹೊಲಿಗೆ ಮೆಷಿನ್‌ಗಳನ್ನು ನೋಡಿಕೊಳ್ಳುವ ಲೈನ್ ಸೂಪರ್‌ವೈಸರ್ ಆಗಿದ್ದಳು. ಆರ್ಡರ್ ಇಲ್ಲವೆಂದು ಅವರು ಅವಳ ಲೈನನ್ನೇ ಮುಚ್ಚಿ, ನಾಳೆಯಿಂದ ಬರಬೇಡಿ ಎಂದರು. ಅವಳು ಟಿಫನ್ ಡಬ್ಬಿಯನ್ನೂ ತನ್ನ ಸ್ವಂತ ಕತ್ತರಿಯನ್ನೂ ತಂದು ಜಗಲಿಯ ಮೇಲಿಟ್ಟು ಕೂತಳು. ಅವಳ ಸಂಬಳವೆಂದರೆ ಶಿವಮೊಗ್ಗದಲ್ಲಿ ನರ್ಸಿಂಗ್ ಓದುವ ನನ್ನ ಮೊಮ್ಮಗಳ ಹಾಸ್ಟೆಲ್ಲು. ಮೊಮ್ಮಗಳ ಚಿಂತೆ ಮಾಡಬೇಕಾದ ಹೊತ್ತಿನಲ್ಲಿ ನಾನು ಚಿಂತಿಸಿದ್ದು ಎದುರುಮನೆಯ ಗಿರಿಜಮ್ಮನ ಬಗ್ಗೆ. 'ನಿಮ್ಮ ಸೊಸೇನ ಕೆಲಸದಿಂದ ತೆಗೆದ್ರಂತಲ್ರೀ' ಎಂದು ಆಕೆ ಕೇಳುವ ಮೊದಲೇ, ನಾವೇ ಬಿಟ್ಟೆವು ಎನ್ನುವಂತಾಗಬೇಕು. ಆ ಸಂಜೆಯೇ ಶೋಭಾಳ ಪರವಾಗಿ ಒಂದು ರೆಸಿಗ್ನೇಷನ್ ಲೆಟರ್ ಬರೆದೆ. ಕೌಟುಂಬಿಕ ಕಾರಣಗಳಿಂದ, ಪೂರ್ಣ ಸ್ವಇಚ್ಛೆಯಿಂದ, ಅಪಾರ ಕೃತಜ್ಞತೆಯೊಂದಿಗೆ ಕೆಲಸ ಬಿಡುತ್ತಿದ್ದೇನೆ ಎಂಬರ್ಥದ್ದು. ಒಂದು ಕಾಮಾ ಅತ್ತಿತ್ತ ಸರಿಸುವಂತಿರಲಿಲ್ಲ. ಅವಳು ಮಾರನೆಯ ದಿನ ತಾರೀಖು ಹಾಕಿ, ಸಹಿ ಮಾಡಿ, ಒಂದು ಜೆರಾಕ್ಸ್ ಇಟ್ಟುಕೊಂಡು ಮ್ಯಾನೇಜರಿಗೆ ಕೊಟ್ಟು ಬಂದಳು. ಆತ ಓದಿ ಖುಷಿಯಾಗಿ ಕಾಫಿ ತರಿಸಿಕೊಟ್ಟನಂತೆ. ಆ ಕಾಫಿಯ ಸುದ್ದಿ ಕೇಳಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಕೆಲವು ದಿನಗಳಾದ ಮೇಲೆ ಶೋಭಾ ಒಂದು ಪ್ರಿಂಟ್‌ಔಟ್ ತಂದಳು. ಸಂಬಳದಲ್ಲಿ ವಿಮೆಗೆಂದು ಹಿಡಿಯುತ್ತಿದ್ದರಲ್ಲ, ಕೆಲಸ ಹೋದವರಿಗೆ ಅದರಿಂದ ಕೆಲವು ತಿಂಗಳು ಭತ್ಯೆ ಬರುತ್ತದಂತೆ, ಅವಳ ಲೈನಿನ ಹುಡುಗಿಯರು ಆಗಲೇ ಅರ್ಜಿ ಹಾಕಿದ್ದಾರಂತೆ. ನಿಯಮವೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡಕ ಏರಿಸಿ ಕೂತೆ. ಇಷ್ಟು ದಿನ ವಿಮೆ ಕಟ್ಟಿರಬೇಕು: ಕಟ್ಟಿದ್ದಾಳೆ. ತಪ್ಪು ಮಾಡಿ ಕೆಲಸ ಕಳೆದುಕೊಂಡಿರಬಾರದು: ಇಲ್ಲ. ಮೂರನೆಯ ಸಾಲಿನಲ್ಲಿ 'ವಾಲಂಟರಿ' ಎಂಬ ಪದ ಸಿಕ್ಕಿತು. ತಾವಾಗಿಯೇ ಬಿಟ್ಟವರಿಗೆ ಈ ಸೌಲಭ್ಯವಿಲ್ಲ. ನನ್ನ ಪತ್ರದಲ್ಲಿ ಆ ಪದವನ್ನು ನಾನು ಎರಡು ಸಲ ಬಳಸಿದ್ದೆ.

"ಏನ್ ಬರ್ದಾರೆ ಅತ್ತೆ?" ಎಂದಳು ಶೋಭಾ.

"ಲ್ಯಾಂಗ್ವೇಜ್ ಸ್ವಲ್ಪ ಟಫ್ ಇದೆ. ನಿಧಾನವಾಗಿ ಓದಬೇಕು" ಎಂದೆ.

ಮೂರು ದಿನ ನಿಧಾನವಾಗಿ ಓದಿದೆ. ಅಷ್ಟೂ ದಿನ ಅವಳು ನನಗೆ ಶುಂಠಿ ಹಾಕಿದ ಕಾಫಿ ತಂದುಕೊಟ್ಟಳು, ಟಿವಿಯ ಸೌಂಡ್ ತಗ್ಗಿಸಿದಳು. "ನೀವದೀರಲ್ಲ ಅತ್ತೆ, ನನಗೇನು ಭಯ ಇಲ್ಲ" ಎಂದೂ ಅಂದಳು. ಜಗಳವಾಡಿದ್ದರೆ ಸಹಿಸಬಹುದಿತ್ತು. ಮೂರನೆಯ ದಿನ ಮೊಮ್ಮಗಳು ಫೋನ್ ಮಾಡಿ, ಹಾಸ್ಟೆಲ್ ಬಿಡಬೇಕಾ ಅಜ್ಜಿ ಎಂದು ಕೇಳಿದಳು. ನಾನು ನೆಟ್‌ವರ್ಕ್ ಸರಿ ಇಲ್ಲವೆಂದು ಇಟ್ಟುಬಿಟ್ಟೆ.

ನಾಲ್ಕನೆಯ ದಿನ ಶೋಭಾ ನನ್ನನ್ನೇ ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಸೆಂಟರಿಗೆ ಹೋದಳು. ಅದನ್ನು ನಡೆಸುವ ಹಾಲಪ್ಪ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು. "ಕೆಲಸ ಹೆಂಗೆ ಹೋತು? ಅವರು ತೆಗೆದ್ರೋ, ನೀವು ಬಿಟ್ರೋ?"

"ಅವರೇ ತೆಗೆದ್ರು" ಎಂದು ಶೋಭಾ ಜೆರಾಕ್ಸ್ ಮುಂದಿಟ್ಟಳು.

ಹಾಲಪ್ಪ ಅದನ್ನು ಎರಡು ಸಲ ಓದಿದರು. "ಇಂಗ್ಲಿಷ್ ಭಾರಿ ಐತೆ. ಆದ್ರೆ ಇದ್ರಾಗೆ ನಾನೇ ಬಿಟ್ಟೀನಿ ಅಂತ ಬರ್ದೀರಲ್ರೀ. ತಾವಾಗೇ ಬಿಟ್ಟೋರಿಗೆ ಇದು ಬರಂಗಿಲ್ಲ."

ಶೋಭಾ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಮೂರು ದಿನ ಓದಿದ್ರಲ್ಲ ಅತ್ತೆ, ಈ ಮಾತು ಸಿಗಲಿಲ್ಲಾ?"

"ಸಿಕ್ತು."

"ಯಾವತ್ತು?"

"ಮೊದಲನೇ ದಿನ."

ಅವಳು ಜೆರಾಕ್ಸ್ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ನೇರವಾಗಿ ನ್ಯಾಮತಿ ಬಸ್ಸು ಹತ್ತಿದಳು. ನಾನೂ ಹಿಂದೆಯೇ ಹತ್ತಿದೆ. ಪಕ್ಕದ ಸೀಟಿನ ಮೇಲೆ ಅವಳು ತನ್ನ ಬ್ಯಾಗು ಇಟ್ಟಳು. ಕಂಬಿ ಹಿಡಿದು ನಿಂತೇ ಹೋದೆ.

ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಮುಂದೆ ನನ್ನ ಬಾಯಿಗೆ ಒಂದು ಇಂಗ್ಲಿಷ್ ಪದವೂ ಬರಲಿಲ್ಲ. "ಆ ಪತ್ರ ಸುಳ್ಳು. ಬರೆದವಳು ನಾನು. ಇವಳು ಬಿಟ್ಟಿಲ್ಲ, ನೀವು ತೆಗೆದಿರಿ. ಹಾಗಂತ ಬರೆದುಕೊಡಿ" ಎಂದೆ.

ಆತ ಪೆನ್ನು ಕೆಳಗಿಟ್ಟ. "ಅಮ್ಮಾ, ಎಲ್ಲಾರೂ ತೆಗೀಬ್ಯಾಡ್ರಿ ಅಂತ ಕೇಳಾಕೆ ಬರ್ತಾರೆ. ತೆಗೆದೀರಿ ಅಂತ ಬರ್ಕೊಡ್ರಿ ಅಂತ ಬಂದೋರು ನೀವೇ ಮೊದಲು."

ಶೋಭಾ ಅವನ ಮೇಜಿನ ಅಂಚು ಹಿಡಿದು ನಿಂತಿದ್ದಳು. ಆತ ಫೈಲು ತಿರುವಿ, ಮತ್ತೆ ತಿರುವಿ, ಲೈನ್ ಮುಚ್ಚಿದ ಆದೇಶದ ತಾರೀಖನ್ನು ನನ್ನ ಪತ್ರದ ತಾರೀಖಿನ ಪಕ್ಕ ಇಟ್ಟು ನೋಡಿದ. ಆದೇಶ ಒಂದು ದಿನ ಮುಂಚಿನದು. "ತೆಗೆದ ಮ್ಯಾಲೆ ಬಿಟ್ಟೀರಿ. ಹಂಗಾದ್ರೆ ಇದು ಲೆಕ್ಕಕ್ಕಿಲ್ಲ" ಎಂದು ನನ್ನ ಪತ್ರವನ್ನು ಪಕ್ಕಕ್ಕೆ ಸರಿಸಿ, ಎರಡು ಸಾಲಿನ ಒಂದು ಪತ್ರ ಟೈಪ್ ಮಾಡಿಸಿ ಸೀಲು ಒತ್ತಿದ. ಅದರಲ್ಲಿ ಎರಡು ಸ್ಪೆಲಿಂಗ್ ತಪ್ಪಿದ್ದವು. ನಾನು ತುಟಿ ಬಿಚ್ಚಲಿಲ್ಲ.

ಆ ಪತ್ರದ ಮೇಲೆಯೇ ಮುಂದೆ ಭತ್ಯೆ ಮಂಜೂರಾಯಿತು, ಮೊಮ್ಮಗಳು ಹಾಸ್ಟೆಲ್‌ನಲ್ಲಿ ಉಳಿದಳು. ಆ ದಿನ ವಾಪಸು ಬಸ್ಸಿನಲ್ಲಿ ಶೋಭಾ ಬ್ಯಾಗು ತೆಗೆದು ನನಗೆ ಜಾಗ ಕೊಟ್ಟಳು. ಟಿಕೆಟ್ ತೆಗೆದುಕೊಂಡ ಮೇಲೆ ಕೇಳಿದಳು. "ಅಷ್ಟು ದೊಡ್ಡ ರಾಜೀನಾಮೆ, ಒಂದೂ ಚಿತ್ತಿಲ್ದಂಗೆ, ಹತ್ತು ನಿಮಿಷದಾಗೆ ಹೆಂಗೆ ಬರೆದ್ರಿ?"

ಸುಳ್ಳು ಹೇಳುವ ಶಕ್ತಿ ಅಂದಿಗೆ ಮುಗಿದಿತ್ತು, ಇದ್ದದ್ದನ್ನು ಹೇಳಿಬಿಟ್ಟೆ. ಮದುವೆಗೆ ಮುಂಚೆ ನಾನೊಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಕ್ಕಳು ಕಡಿಮೆಯಾದರೆಂದು, ಕೊನೆಗೆ ಸೇರಿದ ನನ್ನನ್ನು ಮೊದಲು ತೆಗೆದರು. ಮದುವೆಗೋಸ್ಕರ ನಾನೇ ಬಿಟ್ಟೆ ಎಂದು ಜನರಿಗೆ ಹೇಳಿದೆ. ನಂಬಲಿ ಅಂತ ಒಂದು ಪತ್ರವನ್ನೂ ಬರೆದು ತೋರಿಸಿದ್ದೆ. ಶೋಭಾಳಿಗೆ ಬರೆದುಕೊಟ್ಟದ್ದು ಅದೇ ಪತ್ರ, ಹೆಸರೊಂದು ಬೇರೆ.

"ತೆಗೆದಿದ್ದರು ಅಂತ ನಿನ್ನ ಮಾವನಿಗೂ ಅವರು ಹೋಗುವ ತನಕ ಹೇಳಲಿಲ್ಲ" ಎಂದೆ.

ಶೋಭಾ ಕಿಟಕಿಯಾಚೆ ನೋಡುತ್ತಲೇ ಅಂದಳು. "ಮಾವಂಗೆ ಗೊತ್ತಿತ್ತು. ನಾನು ಲಗ್ನ ಆಗಿ ಬಂದ ವರ್ಷನೇ ಹೇಳಿದ್ರು. ನಿಮ್ಮತ್ತೆ ಮುಂದೆ ಅನ್ನಬ್ಯಾಡ, ಪಾಪ, ಅಂದಿದ್ರು."

ಇಷ್ಟು ವರ್ಷ ಮನೆಮಂದಿಯಿಂದ ಒಂದು ಗುಟ್ಟನ್ನು ಕಾಪಾಡಿದೆನೆಂದು ತಿಳಿದಿದ್ದೆ. ಅದು ತಮಗೆ ಗೊತ್ತೆಂಬ ಗುಟ್ಟನ್ನು ಮನೆಮಂದಿ ನನ್ನಿಂದ ಕಾಪಾಡಿದ್ದರು.