ಜಪಾನಿನ ಹಾಡಿಗೆ ಕೆಂಪು ಪೆನ್ನು

ಎದುರಿಗೆ ಅಕ್ಷರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೂವತ್ತು ವರ್ಷ ಕೊಟ್ಟೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ನಿವೃತ್ತಿ ನನಗಾಯಿತು, ಕೆಂಪು ಪೆನ್ನಿಗೆ ಆಗಲಿಲ್ಲ. ಮದುವೆ ಕಾರ್ಡು ಬಂದರೆ ಮುಹೂರ್ತಕ್ಕಿಂತ ಮೊದಲು ತಪ್ಪು ಹುಡುಕುತ್ತೇನೆ. ಕಾನಹೊಸಹಳ್ಳಿಯ ಮಿರ್ಚಿ ಅಂಗಡಿಯವನು ನಾನು ಬಸ್ಸಿಳಿದದ್ದು ಕಂಡರೆ ಸಾಕು, ಬೋರ್ಡಿಗೆ ಅಡ್ಡ ನಿಂತು, "ಮೊದ್ಲು ಬಾಯಾಗ ಒಂದು ಮಿರ್ಚಿ ಇಟ್ಕೊರಿ ಸಾರ್, ಆಮ್ಯಾಲ ಮಾತಾಡೋಣಂತ" ಎನ್ನುತ್ತಾನೆ. ಇದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಕಳೆದ ತಿಂಗಳು ನನ್ನ ಹೆಂಡತಿ ಕೊಟ್ರಮ್ಮ ಬಾಣಂತಿಯನ್ನು ನೋಡಲು ಹರಪನಹಳ್ಳಿಯ ತಂಗಿಯ ಮನೆಗೆ ಹೋಗಿದ್ದಳು. ಆ ಬಾಣಂತಿ, ತಂಗಿಯ ಮಗಳು ರೇಖಾ, ದೊಡ್ಡವ್ವನ ಮೊಬೈಲಿಗೆ ಜಪಾನಿನ ಗಾಯಕಿಯೊಬ್ಬಳ ಆಲ್ಬಂ ಹಾಕಿಕೊಟ್ಟಳು. ಹಾಡು ಬರೆದವಳು, ರಾಗ ಹಾಕಿದವಳು, ಹಾಡಿದವಳು, ಯಾರ ಅಪ್ಪಣೆಗೂ ಕಾಯದೆ ತಾನೇ ನಿಂತು ಆಲ್ಬಂ ತಯಾರಿಸಿದವಳು ಎಲ್ಲಾ ಅವಳೊಬ್ಬಳೇ ಅಂತೆ. ಅಂದಿನಿಂದ ನಮ್ಮನೆಯಲ್ಲಿ ಜೋಳದ ರೊಟ್ಟಿಗೆ ಜಪಾನಿನ ತಾಳದಲ್ಲಿ ಏಟು ಬೀಳುತ್ತಿದೆ. ಒಂದು ದಿನ ತಡೆಯದೆ, "ಒಂದಕ್ಷರ ತಿಳಿಯಲ್ಲ, ಏನು ಕೇಳ್ತಿ ಅದನ್ನ?" ಎಂದೆ.

ಅವಳು ರೊಟ್ಟಿ ಮಗುಚಿದಳು. "ನಿಮಗೂ ತಿಳಿಯಲ್ಲಲ್ರಿ, ಅದಕ್ಕ ಚಂದ ಐತಿ. ಇದರಾಗ ನೀವು ತಪ್ಪು ಹಿಡಿಯಾಕ ಬರಲ್ಲ."

ನಗಲು ಹೋದೆ, ಆಗಲಿಲ್ಲ. ಇದೇ ರೇಖಾಳನ್ನು ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಕೊಟ್ರಮ್ಮ ತಾನೇ ಒಂದು ಹಾಡು ಕಟ್ಟಿ, ಕ್ಯಾಲೆಂಡರಿನ ಬೆನ್ನಿಗೆ ಬರೆದು, "ಇದನ್ನ ಹಾಡ್ಲೇನ್ರಿ?" ಎಂದು ಕೇಳಿದ್ದಳು. ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಮಾತ್ರೆ ಎಣಿಸಿದೆ, ಪ್ರಾಸ ಜೋಡಿಸಿದೆ, ಸಾಲಿಗೆ ಸಾಲೇ ಹೊಡೆದು ಹಾಕಿದೆ. ಮರುದಿನ ತೊಟ್ಟಿಲ ಸುತ್ತ ಕೂತ ಹೆಂಗಸರು "ನಿಂದೊಂದು ಆಗ್ಲಿ ಕೊಟ್ರಮ್ಮ" ಎಂದಾಗ ಇವಳು ಗಂಟಲು ಕಟ್ಟಿದೆ ಎಂದಳು. ಆಮೇಲೆ ಎಷ್ಟೋ ತೊಟ್ಟಿಲುಗಳಾದವು, ಆ ಗಂಟಲು ಬಿಡಲೇ ಇಲ್ಲ. ನಾನು ಅದನ್ನು ನಿಜವಾದ ಗಂಟಲುನೋವು ಎಂದೇ ತಿಳಿದು ಶುಂಠಿ ಕಷಾಯ ಕಾಸಿ ಕೊಟ್ಟವನು.

ಮೊನ್ನೆ ರೇಖಾ ಫೋನ್ ಮಾಡಿದಳು. "ನನಗ ಕಟ್ಟಿದ್ದ ಹಾಡು ಐತಂತಲ್ಲ ದೊಡ್ಡವ್ವ, ಅವ್ವ ಹೇಳಿದ್ಲು. ನನ್ನ ಮಗಳ ತೊಟ್ಲಿಗರ ಹಾಡು."

"ಮರ್ತೀನವ್ವ," ಎಂದಳು ಕೊಟ್ರಮ್ಮ.

ಈ ಸಲವಾದರೂ ಸರಿಮಾಡೋಣ ಎಂದು ಟ್ರಂಕು ತಡಕಿದೆ. ಅವಳ ಧಾರೆ ಸೀರೆಯ ಮಡಿಕೆಯಲ್ಲಿ ಆ ಹಾಳೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಓದಲು ಬಂದದ್ದು ನನ್ನ ಸಾಲುಗಳು ಮಾತ್ರ. ಅವಳವನ್ನು ಅಷ್ಟು ಗಟ್ಟಿಯಾಗಿ ಹೊಡೆದಿದ್ದೆ. ಅಡಿಯಲ್ಲಿ ಹತ್ತಕ್ಕೆ ಆರು ಅಂಕ, ಪಕ್ಕದಲ್ಲಿ ನನ್ನ ಸಹಿ.

ಅಡುಗೆಮನೆಗೆ ಹೋಗಿ, "ತಪ್ಪಾತು ನಂದು. ಮೊದ್ಲು ಏನಿತ್ತು ಹೇಳು, ನೀನು ಹೇಳಿದಂಗ ಬರ್ಕೊಂತೀನಿ" ಎಂದೆ.

ಅವಳು ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಜಪಾನಿನವಳ ದನಿ ಇನ್ನಷ್ಟು ಜೋರು ಮಾಡಿದಳು. ಅವಸರದಲ್ಲಿ ನಾನು ಹಿಡಿದು ಬಂದದ್ದು ಕೆಂಪು ಪೆನ್ನನ್ನೇ. ಮನೆಯಲ್ಲಿ ಬೇರೆ ಬಣ್ಣದ್ದು ಎಂದೂ ಇಟ್ಟವನಲ್ಲ.