ಎಸಿ ಕೆಳಗಿನ ಕುರ್ಚಿ

ಎಲ್ಲ ಶುರುವಾದದ್ದು ಒಂದು ರಟ್ಟಿನ ತುಂಡಿನಿಂದ. ನಮ್ಮ ಗುಮಾಸ್ತನ ಕುರ್ಚಿ ಇದ್ದದ್ದು ಕಚೇರಿಯ ಎಸಿಗೆ ಸರಿಯಾಗಿ ಕೆಳಗೆ. ಕಡುಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನ ಹೆಸರು ಮಫ್ಲರ್ ಎಂದೇ ಆಗಿತ್ತು. ಜಾಗ ಬದಲಿಸಿಕೊಡಿ ಎಂದು ಐದು ಅರ್ಜಿ ಕೊಟ್ಟಿದ್ದ. ಐದೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ಒಂದು ಶನಿವಾರ, ಯಾರೂ ಇಲ್ಲದ ಹೊತ್ತು ನೋಡಿ ಮೇಜು ಹತ್ತಿದ. ಎಸಿಯ ಮುಚ್ಚಳ ತೆರೆದು, ಆ ಅರ್ಜಿಗಳ ಫೈಲಿನ ರಟ್ಟನ್ನೇ ಫಿಲ್ಟರಿಗೆ ಅಡ್ಡ ಇಟ್ಟುಬಿಟ್ಟ. ಗಾಳಿ ತಗ್ಗಿತು. ಮೂರು ತಿಂಗಳು ಅವನ ಕುತ್ತಿಗೆ ನೆಮ್ಮದಿಯಿಂದ ಇತ್ತು.

ಅಷ್ಟರಲ್ಲಿ ಕಿಟಕಿ ಪಕ್ಕದಲ್ಲಿ ಕೂರುತ್ತಿದ್ದವರು ನಿವೃತ್ತರಾಗಿ ಆ ಕುರ್ಚಿ ಖಾಲಿಯಾಯಿತು. ಆರನೆಯ ಅರ್ಜಿ ಓದಿದ ಮ್ಯಾನೇಜರ್ ಸಾಹೇಬರು, "ಆಯ್ತು ಬಿಡಿ, ನಾಳೆ ಸಾಯಂಕಾಲ ಆರ್ಡರ್ ಕೊಡ್ತೀನಿ" ಎಂದರು. ಪಾಪ, ಮಫ್ಲರ್‌ಗೆ ರಾತ್ರಿಯಿಡೀ ಕಿಟಕಿಯದೇ ಕನಸು.

ಮಾರನೆಯ ಬೆಳಿಗ್ಗೆ ಎಸಿ ಅವನ ಮೇಜಿನ ಮೇಲೆ ಟಪ್ ಟಪ್ ಎಂದು ನೀರು ಹನಿಸತೊಡಗಿತು. ಇದ್ದ ಚೂರು ಗಾಳಿಯೂ ನಿಂತಿತು.

"ಗ್ಯಾಸ್ ಖಾಲಿ ಆಗಿದೆ. ಕಣ್ಮುಚ್ಕೊಂಡು ಹೇಳ್ತೀನಿ" ಎಂದ ಕ್ಯಾಷಿಯರ್. ಅವನ ಮನೆಯಲ್ಲಿ ಎಸಿ ಇರಲಿ, ಫ್ಯಾನೂ ನೆಟ್ಟಗೆ ತಿರುಗುತ್ತಿರಲಿಲ್ಲ.

"ಅದೆಲ್ಲ ಏನಿಲ್ಲ, ಹದಿನಾರಕ್ಕೆ ಇಟ್ರೆ ತಾನಾಗೇ ಸರಿಹೋಗುತ್ತೆ" ಎಂದು ಟೈಪಿಸ್ಟ್ ಮೇಡಂ ರಿಮೋಟ್ ಒತ್ತಿದರು. ಅರ್ಧ ಗಂಟೆಯಲ್ಲಿ ಎಸಿಯ ಸಂದಿಯಲ್ಲಿ ಮಂಜುಗಡ್ಡೆ ಇಣುಕಿತು.

ಸಾಹೇಬರು ಮೆಕ್ಯಾನಿಕ್‌ಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದರು.

"ಮೊದ್ಲು ಆಫ್ ಮಾಡಿ ಸಾರ್" ಎಂದ ಮೆಕ್ಯಾನಿಕ್. "ಒಳಗೆ ಗಾಳಿ ಓಡಾಡೋಕೆ ಏನೋ ಅಡ್ಡ ಇದೆ, ಅದಕ್ಕೇ ಐಸ್ ಕಟ್ಟಿದೆ. ಹಂಗೇ ಓಡಿಸಿದ್ರೆ ಕಂಪ್ರೆಸರ್ರೇ ಸುಟ್ಟುಹೋಗುತ್ತೆ. ಮೂರು ಗಂಟೆಗೆ ಬಂದು ಬಿಚ್ಚಿ ನೋಡ್ತೀನಿ."

ಮಫ್ಲರ್ ತಲೆಯೆತ್ತಿ ಎಸಿಯ ಮುಚ್ಚಳ ನೋಡಿದ. ಒಳಗಿದ್ದ ಆ ರಟ್ಟಿನ ಮೇಲೆ ಅವನ ದುಂಡು ಅಕ್ಷರದಲ್ಲಿ 'ಆಸನ ಬದಲಾವಣೆ ಕೋರಿ' ಎಂದಿತ್ತು, ಕೆಳಗೆ ಅವನ ಹೆಸರು, ಸಹಿ. ಅದು ಸಿಕ್ಕಿಬಿದ್ದರೆ ಕಿಟಕಿ ಹಾಗಿರಲಿ, ಬಾಗಿಲನ್ನೇ ತೋರಿಸುತ್ತಿದ್ದರು.

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಅವನು ಮೇಜು ಹತ್ತಿದ. ಮಂಜು ಕರಗಿತ್ತು. ನೆನೆದು ತೊಪ್ಪೆಯಾಗಿದ್ದ ರಟ್ಟನ್ನು ಎಳೆದು ಅಂಗಿಯೊಳಗೆ ತುರುಕಿಕೊಂಡನೋ ಇಲ್ಲವೋ, ಕನ್ನಡಕ ಮರೆತಿದ್ದ ಕ್ಯಾಷಿಯರ್ ವಾಪಸ್ ಬಂದ.

"ಮೇಲೇನಯ್ಯಾ ಮಾಡ್ತಿದೀಯ?"

"ಫಿಲ್ಟರ್... ತೊಳೆಯೋಣ ಅಂತ."

ಕ್ಯಾಷಿಯರ್ ಕೂಗಿ ಹೇಳಿದ್ದೇ ತಡ, ಇಡೀ ಕಚೇರಿ ಎಸಿ ಕೆಳಗೆ ನೆರೆಯಿತು. ಒಬ್ಬರು ಸೋಪು ತಂದರು, ಇನ್ನೊಬ್ಬರು ಹಳೆಯ ಬ್ರಷ್ಷು. ಬೇರೆ ದಾರಿಯಿಲ್ಲದೆ ಮಫ್ಲರ್ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿದ. ಹೊಟ್ಟೆಗೆ ಅಂಟಿದ ರಟ್ಟು ತಣ್ಣಗೆ ಕೊರೆಯುತ್ತಿತ್ತು.

"ಹೊಟ್ಟೆ ಯಾಕೆ ಹಿಡ್ಕೊಂಡಿದೀರಿ?" ಎಂದು ಕೇಳಿದರು ಮೇಡಂ.

"ಸ್ವಲ್ಪ ನೋವು."

"ಹೊಟ್ಟೆನೋವಲ್ಲೂ ಎಷ್ಟು ಕೆಲಸ ಮಾಡ್ತಾರೆ ನೋಡಿ" ಎಂದು ಅವರು ಸಾಹೇಬರಿಗೆ ಹೇಳಿದರು.

ಮೂರಕ್ಕೆ ಬಂದ ಮೆಕ್ಯಾನಿಕ್ ತೊಳೆದ ಫಿಲ್ಟರ್ ಕೂರಿಸಿ ಎಸಿ ಹಾಕಿದ. ಗಾಳಿ ರೊಯ್ಯನೆ ಬೀಸಿತು. ಅವನು ಮಫ್ಲರ್‌ನ ಅಂಗಿಯೊಳಗಿನ ಚೌಕವನ್ನೊಮ್ಮೆ ನೋಡಿದ, ಅವನ ಮುಖವನ್ನೊಮ್ಮೆ ನೋಡಿದ. ಒಳ್ಳೆಯ ಮನುಷ್ಯ, ಬಾಯಿ ಬಿಡಲಿಲ್ಲ.

"ಇವ್ರು ಮಾಡಿದ್ದು ಸರಿ ಇದೆ ಸಾರ್. ತಿಂಗಳಿಗೊಂದ್ಸಲ ಹೀಗೇ ತೊಳೆದ್ರೆ ನನ್ನನ್ನ ಕರೆಯೋದೇ ಬೇಡ. ನೀರು ಹನಿಯೋದು, ಗಾಳಿ ಕಮ್ಮಿ ಆಗೋದು ಕಂಡ ತಕ್ಷಣ ಆಫ್ ಮಾಡೋರು ಒಬ್ರು ಹತ್ರ ಇರ್ಬೇಕು, ಅಷ್ಟೇ."

ಸಾಹೇಬರು ಜೇಬಿನಿಂದ ಒಂದು ಕಾಗದ ತೆಗೆದರು. "ಇವರನ್ನ ಕಿಟಕಿ ಹತ್ರ ಕಳಿಸೋಕೆ ಬೆಳಿಗ್ಗೆನೇ ಸಹಿ ಹಾಕಿದ್ದೆ. ಸದ್ಯ, ಕೊಟ್ಟಿರಲಿಲ್ಲ." ಎಲ್ಲರೆದುರೇ ಅದನ್ನು ನಾಲ್ಕು ಚೂರು ಮಾಡಿದರು. "ಇಂಥೋರು ಎಸಿ ಕೆಳಗೇ ಇರ್ಬೇಕು. ರಿಟೈರ್ ಆಗೋವರ್ಗೂ ಆ ಕುರ್ಚಿ ನಿಮ್ದೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಷಿಯರ್ ಆಗಲೇ ತನ್ನ ಟಿಫಿನ್ ಡಬ್ಬಿಯನ್ನು ಕಿಟಕಿ ಪಕ್ಕದ ಮೇಜಿಗೆ ಸಾಗಿಸುತ್ತಿದ್ದ. ತೊಳೆದು ಚೊಕ್ಕಟವಾದ ಫಿಲ್ಟರಿನಿಂದ ಹಿಂದೆಂದೂ ಇಲ್ಲದ ಗಾಳಿ ನೇರವಾಗಿ ಕುತ್ತಿಗೆಗೆ ಬಡಿಯಿತು. ಮಫ್ಲರ್ ಇನ್ನೊಂದು ಸುತ್ತು ಬಿಗಿ ಮಾಡಿಕೊಂಡ.

ಟೈಪಿಸ್ಟ್ ಮೇಡಂ ಬಂದು ರಿಮೋಟನ್ನು ಅವನ ಕೈಗಿಟ್ಟರು.

"ಇನ್ಮೇಲೆ ಇದೂ ನಿಮ್ಮ ಹತ್ರಾನೇ ಇರಲಿ. ಆದ್ರೆ ಹದಿನಾರಕ್ಕಿಂತ ಮೇಲೆ ಮಾತ್ರ ಇಡ್ಬೇಡಿ."

ಅವನು ಉತ್ತರವಾಗಿ ಸೀನಿದ.