ಹಿಮಕ್ಕೆಂದು ಕೊಂಡ ಸಲಿಕೆ

ಪರದೇಶದಲ್ಲಿ ನಾವಿರುವ ಕ್ಯಾರಿ ಎಂಬ ಊರಿನಲ್ಲಿ ಹಿಮ ಬಿದ್ದರೆ ಮಧ್ಯಾಹ್ನದೊಳಗೆ ಕರಗಿಹೋಗುತ್ತದೆ. ಹಿಮದ ಹುಚ್ಚಿನಿಂದ ನಾನು ಪಡುವ ಪಜೀತಿ ಮಾತ್ರ ವರ್ಷವಿಡೀ ಇರುತ್ತದೆ.

೧. ಅಪ್ಪಣೆ

ಪಕ್ಕದ ಮನೆಯ ಹುಬ್ಬಳ್ಳಿ ಡಾಕ್ಟರೂ ನಾನೂ ಡಿಸೆಂಬರ್ ಮೊದಲಲ್ಲೇ ಕೊಲರಾಡೊದ ಬೆಟ್ಟ ಹತ್ತಲು ಗೈಡ್ ಒಬ್ಬನನ್ನು ಬುಕ್ ಮಾಡಿದೆವು. ಹಿಮ ಕುಸಿದು ಯಾರಾದರೂ ಹೂತುಹೋದರೆ ತೋಡಲು ಬೇಕೆಂದು ಮಡಚುವ ಸಲಿಕೆ ಕೊಂಡೆ.

ಹೆಂಡತಿ ಅದನ್ನು ನೋಡಿದಳು. "ಗುಲಾಬಿಗೆ ಒಂದು ಗುಂಡಿ ತೋಡ್ರೀ ಅಂದ್ರೆ ಸೊಂಟ ನೋವು. ಈಗ ಬೆಟ್ಟ ತೋಡೋಕೆ ಹೊರಟ್ರಾ?"

ಆಮೇಲೆ ದನಿ ತಗ್ಗಿತು. "ನಂಗೆ ಭಯ ಆಗುತ್ತೆ. ಹದಿನೈದು ವರ್ಷದಲ್ಲಿ ನನ್ನ ಒಂದು ಮಾತೂ ಕೇಳಿಲ್ಲ ನೀವು. ಗೈಡ್ ವಾಪಸ್ ಅಂದ್ರೆ ತಿರುಗ್ತೀನಿ ಅಂತ ಮಾತು ಕೊಟ್ಟು ಹೋಗಿ."

ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

೨. ಹುಡುಕಾಟ

ಹಿಮದಡಿ ಸಿಕ್ಕಿದವರನ್ನು ಹುಡುಕಲು ಬೀಕನ್ ಎಂಬ ಪುಟ್ಟ ಯಂತ್ರವಿದೆ. ಎಲ್ಲರೂ ಎದೆಗೆ ಕಟ್ಟಿಕೊಂಡ ಒಂದೊಂದು ಬೀಕನ್ ಸಿಗ್ನಲ್ ಕಳಿಸುತ್ತಿರುತ್ತದೆ. ಹುಡುಕುವವರು ಮಾತ್ರ ತಮ್ಮದನ್ನು ಹುಡುಕುವ ಸ್ವಿಚ್ಚಿಗೆ ಹಾಕಿಕೊಳ್ಳಬೇಕು.

ಅಭ್ಯಾಸಕ್ಕೆಂದು ಹೆಂಡತಿ ಒಂದನ್ನು ಹಿತ್ತಲಿನ ಒಣ ಎಲೆ ರಾಶಿಯಲ್ಲಿ ಹೂತಿಟ್ಟಳು. ಡಾಕ್ಟರೂ ನಾನೂ ಹುಡುಕಲು ಹೊರಟೆವು. ನನ್ನ ಬೀಕನ್ ತೋರಿಸುವ ಬಾಣದ ಗುರುತು ಹಿಡಿದು ಎತ್ತ ಹೋದರೂ ಕೊನೆಗೆ ಡಾಕ್ಟರ ಹೊಟ್ಟೆಗೇ ಡಿಕ್ಕಿ. ಅವರು ಸ್ವಿಚ್ ಬದಲಿಸುವುದನ್ನೇ ಮರೆತಿದ್ದರು.

ಹೆಂಡತಿ ಅಂದಳು, "ಪರವಾಗಿಲ್ಲ. ಅಪಾಯಿಂಟ್‌ಮೆಂಟ್ ಇಲ್ಲದೆ ಈ ದೇಶದಲ್ಲಿ ಡಾಕ್ಟ್ರು ಸಿಕ್ಕಿದ್ದು ಇದೇ ಮೊದಲು."

೩. ಅಡ್ಜಸ್ಟ್

ಬೆಟ್ಟದಲ್ಲಿ ಗೈಡ್ ಹೊಂಡ ತೋಡಿ ತೋರಿಸಿದ. ಸೀಸನ್ನಿನ ಮೊದಲ ತೆಳು ಹಿಮ ಚಳಿಗೆ ಕಾಳುಕಾಳಾಗಿ ತಳದಲ್ಲಿತ್ತು. ಅದರ ಮೇಲೆ ಹೊಸ ಹಿಮ ಹಲಗೆಯ ಹಾಗೆ ಕೂತಿತ್ತು.

ಡಾಕ್ಟರು ತಳದ ಹಿಮವನ್ನು ಅಂಗೈಯಲ್ಲಿ ಹಿಚುಕಿದರು. "ಉಪ್ಪಿಟ್ಟಿನ ರವಾ ಆಗೇತ್ರೀ. ಉಂಡಿ ಕಟ್ಟಾಕ ಬರಂಗಿಲ್ಲ."

"ಅದಕ್ಕೇ ಹಲಗೆ ಜಾರುತ್ತೆ. ವಾಪಸ್ ಹೋಗೋಣ," ಅಂದ ಗೈಡ್.

ಅಷ್ಟು ದೂರ ಹೋಗಿ ವಾಪಸ್ಸೇ? ಕೊಟ್ಟ ಮಾತು ಮರೆತೇಹೋಯಿತು. ಬೆಂಗಳೂರಿನ ಆಟೋ ಹತ್ತಿದವನಂತೆ, "ಸ್ವಲ್ಪ ಅಡ್ಜಸ್ಟ್ ಮಾಡಿ. ಅರ್ಧ ಬೆಟ್ಟ ಸಾಕು," ಅಂತ ಚೌಕಾಸಿಗೆ ಇಳಿದೆ.

ಗೈಡ್ ಹೊಂಡದ ಅಂಚಿನ ಹಿಮವನ್ನೇ ಒಂದು ಕಂಬದಂತೆ ಕೊರೆದು ನಿಲ್ಲಿಸಿದ, ನನ್ನ ಸಲಿಕೆಯನ್ನೇ ಇಸಿದುಕೊಂಡು ಅದರ ತಲೆಯ ಮೇಲಿಟ್ಟ, ಬೆರಳಲ್ಲಿ ಮೂರು ಸಲ ತಟ್ಟಿದ. ಮೇಲಿನ ಹಲಗೆ ಸರ್ರನೆ ಜಾರಿ ನಮ್ಮ ಬೂಟಿನ ಮೇಲೆ ಬಿತ್ತು. ನಾನೂ ಡಾಕ್ಟರೂ ಮುಖ ಮುಖ ನೋಡಿಕೊಂಡು ತೆಪ್ಪಗೆ ಇಳಿದೆವು.

ಕೆಳಗೆ ಬಂದು ಫೋನಿನಲ್ಲಿ ಎಲ್ಲ ಹೇಳಿದೆ. ಹೆಂಡತಿ ನಿಟ್ಟುಸಿರು ಬಿಟ್ಟಳು. ಆಮೇಲೆ ಕೇಳಿದಳು, "ಮೂರೇ ಸಲ ತಟ್ಟಿದ್ದಾ?"

"ಮೂರೇ."

"ಹಾಗಾದ್ರೆ ಆ ಸಲಿಕೆ ಜೋಪಾನವಾಗಿ ತನ್ನಿ. ಇನ್ಮೇಲೆ ಮನೇಲಿ ನಾನೂ ತಟ್ತೀನಿ."